ನೂರಕ್ಕೆ ತೊಂಬತ್ತೇಳು

ಮೂರನೆಯ ಸಲ ಎಣಿಸಿದಾಗಲೂ ಮುನ್ನೂರ ನಾಲ್ಕೇ ಬಂದಿತು. ನಾನೂರರಲ್ಲಿ ಮುನ್ನೂರ ನಾಲ್ಕು. ಅವನು ಪೆನ್ಸಿಲನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಮೂಗಿನ ಎರಡೂ ಬದಿಯಲ್ಲಿ ಅದು ಮಾಡಿದ್ದ ಗುಳಿಗಳನ್ನು ಒತ್ತಿಕೊಂಡ. ಎಣಿಕೆಯಲ್ಲಿ ತಪ್ಪಿರಲಿ ಎಂದು ಮನುಷ್ಯ ಇಷ್ಟು ಆಸೆಪಡಬಹುದೆಂದು ಅವನಿಗೆ ಈವರೆಗೆ ತಿಳಿದಿರಲಿಲ್ಲ. ಕಚೇರಿಯಲ್ಲಿ ಎಲ್ಲರೂ ಅವನನ್ನು ಅಂಕಿರಾಯ ಎನ್ನುತ್ತಿದ್ದರು, ಎದುರಿಗೆ ‘ಅಂಕಿರಾಯರೇ’ ಎಂದು ಬಹುವಚನ ಹಚ್ಚಿ, ಬೆನ್ನ ಹಿಂದೆ ಹಚ್ಚದೆ. ಅಂಕಿರಾಯನ ಕೂಡುವಿಕೆಯಲ್ಲಿ ತಪ್ಪು ಬಂದದ್ದನ್ನು ಕಂಡವರಿಲ್ಲ ಎಂಬ ಮಾತು ಆ ಕಟ್ಟಡದ ಮೂರೂ ಮಹಡಿಗಳಲ್ಲಿ ಚಾಲ್ತಿಯಲ್ಲಿತ್ತು, ಮತ್ತು ಅವನು ಆ ಮಾತನ್ನು ಕೇಳಿಸಿಕೊಂಡೂ ಕೇಳಿಸದವನಂತೆ ಮೆಟ್ಟಿಲು ಹತ್ತುತ್ತಿದ್ದ. ಈಗ ನಾಲ್ಕನೆಯ ಸಲ ಎಣಿಸಲು ಅವನಿಗೆ ಧೈರ್ಯ ಬರಲಿಲ್ಲ. ಎಣಿಸಿದರೆ ಅಷ್ಟೇ ಬರುತ್ತದೆ ಎಂದು ಬೆರಳುಗಳಿಗೆ ಗೊತ್ತಿತ್ತು.

ಪರೀಕ್ಷಾ ಮಂಡಳಿಯ ಈ ಮೂಲೆಯ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಅವನ ಕೆಲಸ ಒಂದೇ, ಪರೀಕ್ಷೆಯನ್ನೇ ಪರೀಕ್ಷೆ ಮಾಡುವುದು. ಔಷಧಿ ಅಂಗಡಿಯಲ್ಲಿ ನಿಂತು ಜನರ ಕೈಗೆ ಔಷಧಿ ಕೊಡಬೇಕಾದರೆ ಬರೆಯಬೇಕಾದ ಅರ್ಹತಾ ಪರೀಕ್ಷೆ ಅದು. ನೂರಕ್ಕೆ ಐವತ್ತು ಬಂದರೆ ಪಾಸು, ನಲವತ್ತೊಂಬತ್ತು ಬಂದರೆ ಫೇಲು, ನಡುವೆ ಇನ್ನೊಂದಿಲ್ಲ. ಮೊದಲ ಸುತ್ತಿನ ಮೌಲ್ಯಮಾಪಕರು ತಿದ್ದಿದ ಸಾವಿರಾರು ಉತ್ತರಪತ್ರಿಕೆಗಳಲ್ಲಿ ನಾನೂರನ್ನು ಚೀಟಿ ಎತ್ತಿ ಆರಿಸಿ, ಮೊದಲ ಪುಟದ ಚೌಕದಲ್ಲಿ ಅವರು ಬರೆದ ಅಂಕಗಳ ಮೇಲೆ ಕಾಗದದ ಪಟ್ಟಿ ಅಂಟಿಸಿ, ಎರಡನೆಯ ಸುತ್ತಿನ ಮೌಲ್ಯಮಾಪಕರ ಕೈಗೆ ಕೊಡುವುದು. ಅವರು ತಮ್ಮ ಅಂಕವನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟ ಮೇಲೆ ಪಟ್ಟಿ ಕಿತ್ತು ನೋಡುವುದು. ಇಬ್ಬರೂ ಪಾಸು ಅಂದಿದ್ದರೆ ಒಂದು ಗೀಟು, ಇಬ್ಬರೂ ಫೇಲು ಅಂದಿದ್ದರೂ ಒಂದು ಗೀಟು. ಒಬ್ಬರು ಪಾಸು ಮಾಡಿದ್ದನ್ನು ಇನ್ನೊಬ್ಬರು ಫೇಲು ಮಾಡಿದ್ದರೆ ಗೀಟಿಲ್ಲ. ಹೋದ ವರ್ಷ ಮುನ್ನೂರ ಎಂಬತ್ತೆಂಟು ಗೀಟುಗಳಿದ್ದವು. ನೂರಕ್ಕೆ ತೊಂಬತ್ತೇಳು. ಅದರ ಹಿಂದಿನ ವರ್ಷವೂ ತೊಂಬತ್ತೇಳು. ಈ ವರ್ಷ ಮುನ್ನೂರ ನಾಲ್ಕು, ನೂರಕ್ಕೆ ಎಪ್ಪತ್ತಾರು. ಎಪ್ಪತ್ತಾರು ಅಂದರೆ ಪರವಾಗಿಲ್ಲವಲ್ಲ ಎಂದು ಹೊರಗಿನವರು ಅಂದುಕೊಂಡಾರು, ಆದರೆ ಅವನಿಗೆ ಆ ಸಮಾಧಾನವೂ ಇರಲಿಲ್ಲ. ಇಬ್ಬರು ಮೌಲ್ಯಮಾಪಕರೂ ಪತ್ರಿಕೆ ಬಿಚ್ಚದೆಯೇ, ಕಣ್ಣು ಮುಚ್ಚಿ, ನೂರಕ್ಕೆ ಅರವತ್ತರಂತೆ ಪಾಸು ಬರೆಯುತ್ತ ಹೋದರೂ ಐವತ್ತೆರಡು ತಾನಾಗಿಯೇ ಹೊಂದಿಬಿಡುತ್ತವೆ. ಆ ಅದೃಷ್ಟದ ಪಾಲನ್ನು ಕಳೆದು ನೋಡಿದರೆ ಈ ಪರೀಕ್ಷೆಗೆ ಸ್ವಂತ ಬುದ್ಧಿಯೆಂದು ಉಳಿದದ್ದು ಅರ್ಧ. ಉಳಿದರ್ಧ ಬರೀ ಗಾಳಿ.

“ಈ ಸಲ ಪಟ್ಟಿ ಕೀಳೋಕೆ ಕಷ್ಟ ಆಯ್ತಾ ಸಾರ್?” ಎಂದು ಬಾಗಿಲಲ್ಲಿ ನಿಂತ ಗೋಂದಣ್ಣ ಕೇಳಿದ. ಮಂಡಳಿಯ ಹಳೆಯ ಜವಾನ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಅವನ ಹತ್ತೂ ಬೆರಳ ತುದಿಗಳಲ್ಲಿ ಒಣಗಿದ ಗೋಂದು ಸಿಪ್ಪೆಯಾಗಿ ಎದ್ದಿರುತ್ತಿತ್ತು, ಹೆಸರು ಬಂದದ್ದೂ ಅದರಿಂದಲೇ.

“ಯಾಕೆ?”

“ಏನಿಲ್ಲ, ದಪ್ಪ ಇದ್ವಲ್ಲ ಅದಕ್ಕೆ ಕೇಳ್ದೆ. ತೆಳು ಕಾಗದ ಮುಗಿದುಹೋಯ್ತು. ಪ್ರತಿ ವರ್ಷ ಹಳೇ ಉತ್ತರಪತ್ರಿಕೆ ರದ್ದಿಗೆ ಹಾಕೋವಾಗ ಬರೀದೆ ಬಿಟ್ಟ ಹಾಳೆ ಹರ್ಕೊಂಡು ಪಟ್ಟಿ ಮಾಡ್ತಿದ್ದೆ. ಈ ಸಲ ಗಾಡಿಯವರು ನಾನು ರಜೆ ಇದ್ದಾಗ ಬಂದು ಎಲ್ಲಾ ಹೊತ್ಕೊಂಡು ಹೋಗ್ಬಿಟ್ರು. ಹಳೇ ಫೈಲಿನ ರಟ್ಟು ಕತ್ತರಿಸಿ ಅಂಟಿಸ್ದೆ. ತಪ್ಪಾಯ್ತಾ ಸಾರ್?”

“ಇಲ್ಲ,” ಎಂದ ಅವನು. “ತಪ್ಪೇನಿಲ್ಲ.”

ಗೋಂದಣ್ಣ ಹೋದ ಮೇಲೆ ಅವನು ಕಪಾಟಿನಿಂದ ಹೋದ ವರ್ಷದ ಒಂದು ಪತ್ರಿಕೆ ತೆಗೆದ. ಕಿತ್ತ ಪಟ್ಟಿ ಒಂದು ಅಂಚಿನಲ್ಲಿ ಇನ್ನೂ ನೇತಾಡುತ್ತಿತ್ತು. ಅದನ್ನು ಮತ್ತೆ ಚೌಕದ ಮೇಲೆ ಮಡಚಿ, ಹೆಬ್ಬೆರಳಿನಿಂದ ನೀವಿ, ಪುಟವನ್ನು ಕಿಟಕಿಯ ಕಡೆ ಎತ್ತಿದ. ಆರು, ನಾಲ್ಕೂವರೆ, ಏಳು, ಹೀಗೇ ಸಾಲಾಗಿ, ಕೊನೆಗೆ ಒಟ್ಟು ಐವತ್ತೆರಡು. ಕೆಂಪು ಶಾಯಿ ಕಾಗದದೊಳಗಿಂದ ಹಾಯಾಗಿ ಓದಿಸಿಕೊಂಡಿತು. ಅವನು ಬೇಗ ಪುಟ ಇಳಿಸಿದ, ಯಾರೋ ನೋಡಿಬಿಟ್ಟರು ಎಂಬ ಹಾಗೆ. ನೋಡಲು ಯಾರೂ ಇರಲಿಲ್ಲ. ಆಶ್ಚರ್ಯವಾಯಿತೆಂದು ಅವನು ತನಗೆ ತಾನೇ ಹೇಳಿಕೊಂಡ, ಎದೆಯ ಬಡಿತವನ್ನೂ ಅದಕ್ಕೆ ಸಾಕ್ಷಿಯಾಗಿ ಕರೆದ. ಆದರೆ ಆಶ್ಚರ್ಯಕ್ಕೆ ಬೇರೆಯದೇ ಒಂದು ರುಚಿ ಇರುತ್ತದೆ, ಇದು ಅದಲ್ಲ. ಇದು ಮನೆಯಲ್ಲಿ ಎಲ್ಲೋ ಇಟ್ಟು ಮರೆತ ವಸ್ತುವನ್ನು ಇಟ್ಟ ಜಾಗದಲ್ಲೇ ಕಂಡ ಹಾಗಿತ್ತು.

ಏಳು ವರ್ಷದ ಹಿಂದಿನ ಮಧ್ಯಾಹ್ನ. ಮೌಲ್ಯಮಾಪನದ ಹಾಲಿನಲ್ಲಿ ಸದ್ದಿಲ್ಲ, ಪುಟ ಮಗುಚುವ ಶಬ್ದ ಮಾತ್ರ. ಅವನು ಸಾಲುಗಳ ನಡುವೆ ಕೈಕಟ್ಟಿಕೊಂಡು ಓಡಾಡುತ್ತಿದ್ದ. ಗೋಡೆಯ ಕಡೆಯ ಮೇಜಿನಲ್ಲಿದ್ದ ಒಬ್ಬ ನಿವೃತ್ತ ಮೇಷ್ಟ್ರು ಎದ್ದು ಕಿಟಕಿಯ ಹತ್ತಿರ ಹೋಗಿ, ಮೊದಲ ಪುಟವನ್ನು ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ತಿರುಗಿದಾಗ ಇಬ್ಬರ ಕಣ್ಣೂ ಸೇರಿದವು. ಮೇಷ್ಟ್ರು ಮೆತ್ತಗೆ ನಕ್ಕರು. “ಕಣ್ಣು ಮಂಜಾಗಿದೆ ನೋಡಿ, ಒಳಗಡೆ ಬೆಳಕು ಸಾಲಲ್ಲ,” ಅಂದರು. ಅವನು ಏನು ಮಾಡಬೇಕಿತ್ತು? ಪತ್ರಿಕೆ ಕಸಿದುಕೊಳ್ಳಬೇಕಿತ್ತೇ? ಅಪ್ಪನ ವಯಸ್ಸಿನವರು. ಅಷ್ಟಕ್ಕೂ ಅವರನ್ನು ಹಾಗೆ ಕಿಟಕಿಗೆ ಅಟ್ಟಿದ್ದು ಯಾರು? ‘ಎರಡನೆಯ ಮೌಲ್ಯಮಾಪಕರ ಅಂಕವು ಭಿನ್ನವಾಗಿದ್ದಲ್ಲಿ ಅವರು ಲಿಖಿತ ವಿವರಣೆ ನೀಡತಕ್ಕದ್ದು’ ಎಂಬ ನಿಯಮವನ್ನು ಒಂದು ಉತ್ಸಾಹದ ದಿನ ಬರೆದವನು ಅವನೇ. ದಿನಕ್ಕೆ ನಲವತ್ತು ಪತ್ರಿಕೆ ತಿದ್ದುವ ಮೇಷ್ಟ್ರಿಗೆ ವಿವರಣೆ ಬರೆಯಲು ಯಾವ ಗ್ರಹಚಾರ? ಮೊದಲಿನವರ ಅಂಕವನ್ನೇ ಇಳಿಸಿಕೊಂಡರೆ ಮುಗಿಯಿತು. ಮರುದಿನ ಅವನು ಗೋಂದಣ್ಣನನ್ನು ಕರೆದು ಎರಡನೆಯ ಸುತ್ತಿನ ಮೇಜುಗಳನ್ನೆಲ್ಲ ಕಿಟಕಿಯ ಪಕ್ಕಕ್ಕೆ ಎಳೆಸಿದ. ಹಿರಿಯರಿಗೆ ಬೆಳಕು ಚೆನ್ನಾಗಿರಲಿ, ಎಂದ. ಆ ವರ್ಷ ತೊಂಬತ್ತೊಂದು ಇದ್ದದ್ದು ಮುಂದಿನ ವರ್ಷ ತೊಂಬತ್ತೇಳಾಯಿತು. ವಾರ್ಷಿಕ ಸಭೆಯಲ್ಲಿ ಅವನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿದರು, ಗಾಜು ಹಾಕಿದ ಪ್ರಶಂಸಾಪತ್ರ ಕೊಟ್ಟರು. ಅದು ಈಗಲೂ ಮನೆಯಲ್ಲಿ ಊಟದ ಮೇಜಿನ ಮೇಲುಗಡೆ ತೂಗುತ್ತಿದೆ, ಮತ್ತು ಹೆಂಡತಿ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಾಳೆ.

ಅದೇ ಮೇಜಿನ ಮುಂದೆ, ಮೂರು ವರ್ಷದ ಹಿಂದೆ, ತಂಗಿ ಕೂತಿದ್ದಳು. ಚಪ್ಪಲಿ ಹೊರಗೆ ಬಿಡುವುದನ್ನೂ ಮರೆತು ನೇರ ಒಳಗೆ ಬಂದಿದ್ದಳು. “ಅಣ್ಣ, ನಲವತ್ತೊಂಬತ್ತು ಕಣೋ. ಒಂದೇ ಒಂದು ಮಾರ್ಕು. ಇನ್ನೊಬ್ಬರು ಯಾರಾದ್ರೂ ಒಂದ್ಸಲ ನೋಡಿದ್ರೆ...” ಎಂದಿದ್ದಳು. ಹನ್ನೊಂದು ವರ್ಷದಿಂದ ಔಷಧಿ ಅಂಗಡಿಯಲ್ಲಿ ದುಡಿಯುತ್ತಿದ್ದವಳು. ಯಾವ ಮಾತ್ರೆ ಯಾವ ಕಪಾಟಿನ ಎಷ್ಟನೆಯ ಖಾನೆಯಲ್ಲಿದೆ ಎಂಬುದು ಅವಳಿಗೆ ನಿದ್ದೆಯಲ್ಲೂ ಗೊತ್ತು. ವೈದ್ಯರ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನು ಓದಲು ಅಕ್ಕಪಕ್ಕದ ಅಂಗಡಿಯವರೂ ಅವಳ ಬಳಿಗೇ ಬರುತ್ತಿದ್ದರು. ಆದರೆ ಕೊಡುವ ಕೈ ಅವಳದಾಗುವಂತಿರಲಿಲ್ಲ. ಚೀಟಿ ಓದಿ, ಮಾತ್ರೆ ತೆಗೆದು, ಅಂಗಡಿಯ ಇನ್ನೊಬ್ಬಳ ಕೈಗೆ ಇಡಬೇಕು. ಆಗಿನ್ನೂ ಸೇರಿ ಆರು ತಿಂಗಳಾಗಿದ್ದ, ಪಾಸಾದ ಪ್ರಮಾಣಪತ್ರ ಇದ್ದ ಆ ಹುಡುಗಿ ಅದನ್ನು ಗಿರಾಕಿಗೆ ದಾಟಿಸಬೇಕು. ಒಂದು ದಿನ ಅವಸರದಲ್ಲಿ ಇವಳೇ ಕೈಚಾಚಿದಾಗ ಯಜಮಾನರು ಗಿರಾಕಿಗಳ ಎದುರಿಗೇ “ನೀವು ಮುಟ್ಟಬೇಡೀಮ್ಮ” ಅಂದುಬಿಟ್ಟರಂತೆ. ಅದನ್ನು ಹೇಳುವಾಗ ತಂಗಿ ನಕ್ಕಿದ್ದಳು, ಬೇರೆ ಯಾರಿಗೋ ಆದ ಅವಮಾನ ಎಂಬಂತೆ. ಅವನು ಏನು ಮಾಡಿದ? ಕಾಗದ ತೆಗೆದುಕೊಂಡ. ಪೆನ್ಸಿಲಿನಿಂದ ನೂರು ಚುಕ್ಕಿ ಇಟ್ಟ, ಹತ್ತು ಹತ್ತರ ಹತ್ತು ಸಾಲು, ತಾಳ್ಮೆಯಿಂದ. ಅದರಲ್ಲಿ ಮೂರಕ್ಕೆ ಸುತ್ತು ಹಾಕಿದ. “ನೋಡು ಪುಟ್ಟಿ, ನೂರಕ್ಕೆ ತೊಂಬತ್ತೇಳು. ಯಾರು ತಿದ್ದಿದ್ರೂ ಅಷ್ಟೇ ಬರುತ್ತೆ. ಅದಕ್ಕೇ ಮರುಮೌಲ್ಯಮಾಪನ ಇಟ್ಟಿಲ್ಲ. ನಮ್ಮ ಪರೀಕ್ಷೆ ಸುಳ್ಳು ಹೇಳಲ್ಲ.” ಅವಳು ಚುಕ್ಕಿಗಳನ್ನು ತುಂಬ ಹೊತ್ತು ನೋಡಿದಳು. “ಆಯ್ತು ಬಿಡು. ನೀನೇ ಹೇಳಿದ ಮೇಲೆ ಮುಗೀತಲ್ಲ,” ಎಂದು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದಲ್ಲಿ ಇಟ್ಟುಕೊಂಡು ಹೋದಳು. ಅವಳು ಅತ್ತಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತ್ತು. ಅವತ್ತು ಮಾತ್ರ, ನಾಚಿಕೆಗೇಡು, ಚುಕ್ಕಿಗಳು ಎಷ್ಟು ನೇರ ಸಾಲಾಗಿ ಬಂದವು ಎಂದು ಅನ್ನಿಸಿತ್ತು.

ಹನ್ನೊಂದೂವರೆಗೆ ನಿರ್ದೇಶಕಿ ಕರೆಸಿದರು. ಅವರ ಕೋಣೆಯಲ್ಲಿ ಕುರ್ಚಿಗಳು ಮೆತ್ತನೆಯವು, ಕೂತರೆ ಮೊಣಕಾಲು ಎದೆಯ ಮಟ್ಟಕ್ಕೆ ಬಂದು ಮನುಷ್ಯ ತಾನಾಗಿಯೇ ಸಣ್ಣವನಾಗುತ್ತಿದ್ದ. ಮೇಜಿನ ಮೇಲೆ, ಪರೀಕ್ಷೆ ನಂಬಲರ್ಹ ಎಂದು ಅವನು ಪ್ರತಿ ವರ್ಷ ಬರೆದುಕೊಡುವ ಪ್ರಮಾಣಪತ್ರದ ನಮೂನೆ ಸಿದ್ಧವಾಗಿತ್ತು, ಒಂದೇ ಹಾಳೆ, ನಡುವೆ ಅಂಕಿಗೆ ಒಂದು ಖಾಲಿ ಜಾಗ, ಕೆಳಗೆ ಅವನ ಸಹಿಗೆ ಚುಕ್ಕೆ ಗೆರೆ. ತಾತ್ಕಾಲಿಕ ಫಲಿತಾಂಶ ಬೆಳಿಗ್ಗೆಯೇ ಫಲಕಕ್ಕೆ ಹಾಕಿದ್ದಾಗಿತ್ತು. ಈ ಹಾಳೆ ಐದು ಗಂಟೆಯೊಳಗೆ ಜೊತೆಗೂಡಿದರೆ ಅದು ಕಾಯಂ ಆಗುತ್ತದೆ.

“ಎಪ್ಪತ್ತಾರು ಮೇಡಂ,” ಎಂದ.

“ಎಪ್ಪತ್ತಾರು ಏನು?”

“ಈ ವರ್ಷದ್ದು.”

ಅವರು ಚಹಾದ ಲೋಟವನ್ನು ನಿಧಾನವಾಗಿ ತಟ್ಟೆಯ ಮೇಲಿಟ್ಟರು. “ಅಂಕಿರಾಯರೇ, ತೊಂಬತ್ತರ ಕೆಳಗೆ ಬಂದ್ರೆ ಫಲಿತಾಂಶ ತಡೆಹಿಡೀಬೇಕು, ಎಲ್ಲರೂ ಮತ್ತೆ ಬರೀಬೇಕು. ನಿಯಮ ನಿಮ್ಮದೇ. ಅಂದ್ರೆ ಈಗ ಏನ್ರೀ, ನಮ್ಮ ಪರೀಕ್ಷೆನೇ ಫೇಲಾ?” ಎಂದು ನಗಲು ನೋಡಿದರು. ಅವನೂ ನಗಲು ನೋಡಿದ. ಪಟ್ಟಿಯ ಕಥೆ ಹೇಳಬೇಕೆಂದು ಬಾಯಿ ತೆರೆದ. ಪಟ್ಟಿಯ ಕಥೆ ಹೇಳಿದರೆ ಕಿಟಕಿಯ ಕಥೆ ಬರುತ್ತದೆ, ಕಿಟಕಿಯ ಕಥೆ ಬಂದರೆ ಮೇಜು ಎಳೆಸಿದವನು ಯಾರು ಎಂಬ ಪ್ರಶ್ನೆ ಬರುತ್ತದೆ. “ಈ ಸಲ ಮುಚ್ಚೋ ಕಾಗದ ಬೇರೆ ಇತ್ತು,” ಎಂದಷ್ಟೇ ಹೇಳಿದ, ಅದೂ ಮೆಲ್ಲಗೆ.

“ಹಾಗಾದ್ರೆ ಕಾಗದದ್ದೇ ದೋಷ,” ಎಂದರು ನಿರ್ದೇಶಕಿ, ದೊಡ್ಡ ಭಾರ ಇಳಿದವರಂತೆ. “ಇನ್ನೊಂದು ಸಲ ಲೆಕ್ಕ ಹಾಕಿ. ನಿಮ್ಮ ಕೈಯಲ್ಲಿ ತಪ್ಪಾಗಲ್ಲ ಅಂತ ಗೊತ್ತು ನಂಗೆ. ಐದು ಗಂಟೆ ಅಂದ್ರೆ ಐದು ಗಂಟೆ.”

ಎದ್ದು ಬರುವಾಗ ಮೆತ್ತನೆಯ ಕುರ್ಚಿ ಅವನನ್ನು ಒಂದೇ ಏಟಿಗೆ ಬಿಡಲಿಲ್ಲ. ಕೈಯೂರಿ, ಒಂದು ಬದಿಗೆ ವಾಲಿ, ಎರಡನೆಯ ಪ್ರಯತ್ನದಲ್ಲಿ ಏಳಬೇಕಾಯಿತು. ಅವರು ಅದನ್ನು ನೋಡದ ಹಾಗೆ ಫೈಲಿನತ್ತ ತಿರುಗಿದರು. ಆ ಮರ್ಯಾದೆ ಅವನನ್ನು ಇನ್ನಷ್ಟು ಚುಚ್ಚಿತು.

ತನ್ನ ಕೋಣೆಗೆ ಬಂದವನಿಗೆ ಒಂದು ವಿಷಯ ಮಾತ್ರ ಸ್ಪಷ್ಟವಿತ್ತು. ಈ ಸಲ ಎಪ್ಪತ್ತಾರನ್ನೇ ಬರೆಯುತ್ತೇನೆ. ತಲೆ ಹೋದರೆ ಹೋಗಲಿ. ಹಾಗೆ ಅಂದುಕೊಂಡಾಗ ಎದೆಯಲ್ಲಿ ಚೂರು ಗಾಳಿ ಆಡಿದಂತಾಯಿತು, ಮತ್ತು ಅವನಿಗೆ ತಕ್ಷಣ ತಂಗಿಯ ಹಳೆಯ ಪತ್ರಿಕೆ ನೋಡಬೇಕೆನ್ನಿಸಿತು. ಅದನ್ನು ತೆಗೆಸಿ, ಹೊಸಬರೊಬ್ಬರ ಕೈಯಲ್ಲಿ ತಿದ್ದಿಸಿ, ಐವತ್ತಮೂರೋ ಐವತ್ತೈದೋ ಬಂದರೆ ಹೋಗಿ ಅವಳ ಮುಂದೆ ಇಟ್ಟು ತಲೆ ತಗ್ಗಿಸಿ ನಿಲ್ಲಬಹುದು. ಕೆಳಗಿನ ದಾಖಲೆಯ ಕೋಣೆಗೆ ಓಡಿದ. “ಮೂರು ವರ್ಷದ್ದಾ?” ಎಂದ ಗೋಂದಣ್ಣ. “ಅದೇ ಸಾರ್ ನಾನು ಹೇಳಿದ್ದು, ಗಾಡಿಯವರು ಹೊತ್ಕೊಂಡು ಹೋಗಿದ್ದು. ರುಬ್ಬಿ ರಟ್ಟು ಮಾಡಿರ್ತಾರೆ ಇಷ್ಟೊತ್ತಿಗೆ.” ಅವನು ಖಾಲಿ ಕಪಾಟಿನ ಮುಂದೆ ನಿಂತ. ಹಾಗಾದರೆ ಆ ನಲವತ್ತೊಂಬತ್ತು ನಿಜವಾಗಿ ಎಷ್ಟು ಎಂಬುದು ಇನ್ನು ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ಸಣ್ಣವನಿದ್ದಾಗ ಜ್ವರ ಬಂದರೆ ಅಮ್ಮ ಹಣೆ ಮುಟ್ಟಿ ನೋಡಿ, ಹೋಗಿ ಕೈಯನ್ನು ತಣ್ಣೀರಿನಲ್ಲಿ ಅದ್ದಿ ಒರೆಸಿಕೊಂಡು ಬಂದು ಮತ್ತೆ ಮುಟ್ಟುತ್ತಿದ್ದಳು. “ನನ್ನ ಕೈಯೇ ಬಿಸಿ ಇತ್ತೇನೋ,” ಎನ್ನುತ್ತಿದ್ದಳು. ಅಷ್ಟು ಓದಿದ ಅವನಿಗೆ ತಂಗಿಯ ವಿಷಯದಲ್ಲಿ ಅಷ್ಟೂ ತೋಚಿರಲಿಲ್ಲ.

ಮೇಲೆ ಬಂದು, ಬರೆಯುವ ಮೊದಲು, ರೂಢಿಯ ಪ್ರಕಾರ ಗೆರೆಯಂಚಿನವರ ಪಟ್ಟಿ ತೆಗೆದ. ನಲವತ್ತೆಂಟರಿಂದ ಐವತ್ತೆರಡರವರೆಗೆ ಅಂಕ ಬಂದವರು. ಯಾರ ಪಾಸು ಯಾರ ಫೇಲು ಗಾಳಿಯಲ್ಲಿದೆಯೋ ಅವರೆಲ್ಲ ಇಲ್ಲಿರುತ್ತಾರೆ. ಬೆರಳು ಇಳಿಯುತ್ತ ಹೋಗಿ ಎರಡನೆಯ ಪುಟದ ನಡುವೆ ನಿಂತಿತು. ತಂದೆಯ ಹೆಸರಿನ ಕಾಲಮ್ಮಿನಲ್ಲಿ ತನ್ನ ಅಪ್ಪನ ಹೆಸರು. ಅದರ ಪಕ್ಕ ತಂಗಿಯ ಹೆಸರು. ಅಂಕ ಐವತ್ತು. ಪಾಸು. ಮತ್ತೆ ಬರೆದದ್ದನ್ನು ಅವಳು ಅವನಿಗೆ ಹೇಳಿಯೇ ಇರಲಿಲ್ಲ. ಪ್ರತಿ ವಾರ ಬರುತ್ತಿದ್ದಳು, ಅತ್ತಿಗೆಯ ಜೊತೆ ಹರಟುತ್ತಿದ್ದಳು, ಪ್ರಶಂಸಾಪತ್ರದ ಕೆಳಗೆ ಕೂತು ಊಟ ಮಾಡುತ್ತಿದ್ದಳು, ಒಂದು ಮಾತು ಆಡಿರಲಿಲ್ಲ. ಅವನು ಮತ್ತೆ ಚುಕ್ಕಿ ಇಟ್ಟು ತೋರಿಸಿಬಿಡುತ್ತಾನೆ ಎಂದು ಹೆದರಿದ್ದಳೇ? ನಲವತ್ತು ದಾಟಿದ ಹೆಂಗಸು ಎಲ್ಲಿ ಕೂತು ಓದಿದಳು, ಯಾವಾಗ ಓದಿದಳು? ಅವನ ಎದುರಿಗೆ ಖಾಲಿ ಜಾಗದ ಹಾಳೆ ಬಿದ್ದಿತ್ತು. ಎಪ್ಪತ್ತಾರು ಎಂದು ಬರೆದರೆ ಅವಳ ಐವತ್ತು ಇವತ್ತೇ ಸಾಯುತ್ತದೆ. ತೊಂಬತ್ತೇಳು ಎಂದು ಬರೆದರೆ ಬದುಕುತ್ತದೆ, ಆದರೆ ಅವಳ ಹಾಗೆಯೇ ಈ ಸಲ ನಲವತ್ತೊಂಬತ್ತು ಪಡೆದು ಯಾವುದೋ ಮನೆಯಲ್ಲಿ ಕೂತಿರುವವರೆಲ್ಲ ಸತ್ತಂತೆಯೇ. ಪಟ್ಟಿಯಲ್ಲಿ ಅಂಥವರು ನೂರ ಹನ್ನೆರಡು ಜನ ಇದ್ದರು. ಅವರಿಗೂ ಅಪ್ಪಂದಿರ ಹೆಸರುಗಳಿದ್ದವು.

ಕಷ್ಟಪಟ್ಟು ನಿರ್ಧರಿಸಿದೆ ಎಂದು ಹೇಳಿಕೊಳ್ಳುವ ಸುಖವೂ ಅವನಿಗೆ ದಕ್ಕಲಿಲ್ಲ. ಕೈ ತಾನೇ ಬರೆಯಿತು. ಒಂಬತ್ತು ಬರೆದಾಗ ನಿಲ್ಲಬಹುದಿತ್ತು, ಏಳನ್ನೂ ಬರೆದು ಸಹಿ ಮಾಡಿದ. ಇದು ತಂಗಿಗಾಗಿ, ಎಂದುಕೊಂಡ. ಎಂದುಕೊಂಡ ಮರುಕ್ಷಣವೇ ಒಳಗಿನಿಂದ ಇನ್ನೊಂದು ದನಿ, ತೀರ ಸಣ್ಣದು, ಕೇಳಿತು: ಹೌದೇ? ಪಟ್ಟಿಯಲ್ಲಿ ಅವಳ ಹೆಸರು ಸಿಗದೆ ಹೋಗಿದ್ದರೆ ಬೇರೆ ಯಾವ ಹೆಸರನ್ನು ಹುಡುಕಿಕೊಳ್ಳುತ್ತಿದ್ದೆ? ಅವನು ಹಾಳೆಯನ್ನು ನಿರ್ದೇಶಕಿಯ ಮೇಜಿಗೆ ಒಯ್ದು ಇಟ್ಟ. ಅವರು ಅಂಕಿಯನ್ನು ನೋಡಿದರು, ಅವನನ್ನು ನೋಡಲಿಲ್ಲ. “ಹ್ಞಾ. ತಪ್ಪು ಎಲ್ಲಿತ್ತು ಅಂತ ಸಿಕ್ತಲ್ಲ,” ಎಂದು ಮೊಹರನ್ನು ಒತ್ತಿ, ಲಕೋಟೆಗೆ ಹಾಕಿ, ಅಲ್ಲೇ ಗೋಂದಣ್ಣನನ್ನು ಕರೆದು ಅಂಟಿಸಲು ಕೊಟ್ಟರು. ಗೋಂದಣ್ಣ ಲಕೋಟೆಯ ಅಂಚಿಗೆ ಬೆರಳಿನಿಂದ ಗೋಂದು ಸವರಿ, ಅಂಗೈಯಿಂದ ಎರಡು ಸಲ ಗಟ್ಟಿಯಾಗಿ ಒತ್ತಿದ. ಲಕೋಟೆ ದಪ್ಪ ಕಾಗದದ್ದಾಗಿತ್ತು.

ನಾಲ್ಕಕ್ಕೇ ಹೊರಟುಬಿಟ್ಟ. ಹದಿನೆಂಟು ವರ್ಷದಲ್ಲಿ ಆ ಹೊತ್ತಿನ ಬೀದಿಯನ್ನು ಅವನು ನೋಡಿದ್ದೇ ಕಡಿಮೆ. ಬಸ್ಸುಗಳು ಖಾಲಿ ಇದ್ದವು, ಶಾಲೆ ಬಿಟ್ಟ ಮಕ್ಕಳು ಪಾದಚಾರಿ ದಾರಿಯ ಕಲ್ಲುಗಳ ಮೇಲೆ ಗೆರೆ ತುಳಿಯದಂತೆ ಹಾರುತ್ತಿದ್ದರು. ಗೆರೆ ತುಳಿದವಳೊಬ್ಬಳನ್ನು ಉಳಿದವರು “ಔಟು, ಔಟು” ಎಂದು ಕೂಗಿ ಹೊರಗೆ ನಿಲ್ಲಿಸಿದರು, ಅವಳು “ನಾನು ತುಳಿದೇ ಇಲ್ಲ” ಎಂದು ಕಾಲು ಬಡಿಯುತ್ತಿದ್ದಳು. ಅವನಿಗೆ ಅಂಗಡಿಗೆ ಹೋಗಬೇಕಿತ್ತು. ಅವಳ ಮುಖ ನೋಡಬೇಕಿತ್ತು, ಅಷ್ಟೇ. ಮಾಡಬಾರದ್ದನ್ನು ಮಾಡಿದವನಿಗೆ ಕನಿಷ್ಠ ಅದರ ಫಲ ಒಂದು ಕಡೆ ಬೆಳಗುವುದನ್ನು ನೋಡುವ ಹಕ್ಕಾದರೂ ಇರಬೇಕಲ್ಲ. ಏನನ್ನೂ ಹೇಳುವುದಿಲ್ಲ, ಬಾಯಿ ಬಿಡುವುದಿಲ್ಲ, ಬೆನ್ನು ತಟ್ಟಿ ಬರುತ್ತೇನೆ, ಎಂದು ದಾರಿಯುದ್ದಕ್ಕೂ ಪಾಠದಂತೆ ಒಪ್ಪಿಸಿಕೊಳ್ಳುತ್ತ ನಡೆದ. ಚಪ್ಪಲಿಯ ಒಂದು ಉಂಗುಟ ಸಡಿಲಾಗಿ ಪ್ರತಿ ಹೆಜ್ಜೆಗೂ ಚಟ್ ಎನ್ನುತ್ತಿತ್ತು, ಯಾರೋ ಹಿಂದೆ ಗೀಟು ಹಾಕುತ್ತ ಬರುತ್ತಿದ್ದಾರೇನೋ ಎನ್ನುವ ಹಾಗೆ.

ಅಂಗಡಿಯ ಮುಂದೆ ಮೂವರು ಗಿರಾಕಿಗಳಿದ್ದರು. ಅವನು ಹಿಂದೆ ನಿಂತ. ತಂಗಿ ಇಷ್ಟು ವರ್ಷ ನಿಲ್ಲುತ್ತಿದ್ದ ಹಿಂದಿನ ಕಪಾಟಿನ ನೆರಳಿನಲ್ಲಿರಲಿಲ್ಲ, ಮುಂದಿನ ಗಾಜಿನ ಮೇಜಿಗೆ ಹೊಟ್ಟೆ ತಾಗಿಸಿಕೊಂಡು ನಿಂತಿದ್ದಳು. ಚೀಟಿ ಓದಿದಳು, ತಿರುಗಿ ಮಾತ್ರೆ ತೆಗೆದಳು, ದಿನಾಂಕ ನೋಡಿದಳು, ಮತ್ತು ತನ್ನದೇ ಬಲಗೈಯಿಂದ ಗಿರಾಕಿಯ ಅಂಗೈ ಮೇಲೆ ಇಟ್ಟಳು. “ಊಟ ಆದ್ಮೇಲೆ ಒಂದು, ಖಾಲಿ ಹೊಟ್ಟೇಲಿ ಬೇಡ, ಆಯ್ತಾ?” ಎಂದಳು. ಪ್ರಮಾಣಪತ್ರದ ಹುಡುಗಿ ಪಕ್ಕದಲ್ಲಿ ಸುಮ್ಮನೆ ಫೋನು ನೋಡುತ್ತ ಕೂತಿದ್ದಳು. ಅವನ ಸರದಿ ಬಂದಾಗ ತಂಗಿ ತಲೆಯೆತ್ತಿದಳು, ಕಣ್ಣರಳಿತು, ಆದರೆ ಅಂಗಡಿಯವಳ ಗತ್ತು ಬಿಡಲಿಲ್ಲ.

“ಏನ್ ಬೇಕಿತ್ತು ಸಾರ್?”

“ತಲೆನೋವಿಗೆ,” ಎಂದ ಅವನು.

“ಅಂಕಿ ಎಣಿಸೋರಿಗೆ ತಲೆನೋವು ಬರದೆ ಇನ್ನೇನು ಬರುತ್ತೆ,” ಎಂದು ನಗುತ್ತ ಮಾತ್ರೆಯನ್ನು ತೆಗೆದು, ಅವನ ಕೈ ಎಳೆದು, ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮುಚ್ಚಿದಳು. “ನೋಡಿದ್ಯಾ? ನಾನೇ ಕೊಟ್ಟೆ. ಬೆಳಿಗ್ಗೆ ಫಲಕ ನೋಡ್ಕೊಂಡು ಬಂದೆ, ಯಜಮಾನರೇ ಮುಂದೆ ನಿಂತ್ಕೊಳ್ಳಿ ಅಂದ್ರು. ಸರಿಯಾಗಿ ಐವತ್ತು ಕಣೋ! ನಿಂಗೆ ಬೇಕಂತಲೇ ಹೇಳಿರ್ಲಿಲ್ಲ. ಪಾಸಾದ್ಮೇಲೆ ಹೇಳೋಣ ಅಂತ.” ಆಮೇಲೆ ಹುಡುಗಿಯ ಕಡೆ ತಿರುಗಿ, “ನಮ್ಮಣ್ಣ, ನಾನು ಹೇಳ್ತಿರ್ತೀನಲ್ಲ, ಅವನೇ. ಪರೀಕ್ಷೆ ಸರಿಯಿದ್ಯಾ ಅಂತ ಅಳೆಯೋನು. ಅವತ್ತು ಫೇಲಾದಾಗ ಚುಕ್ಕಿ ಇಟ್ಟು ತೋರಿಸಿದ್ದ, ನೂರಕ್ಕೆ ತೊಂಬತ್ತೇಳು, ಈ ಪರೀಕ್ಷೆ ಸುಳ್ಳು ಹೇಳಲ್ಲ ಅಂತ. ನಂಗೆ ಅವತ್ತು ಹೊಟ್ಟೆ ಉರಿದಿತ್ತು. ಇವತ್ತು ಅದೇ ನೆನಪಿಸ್ಕೊಂಡು ಖುಷಿಯಾಗ್ತಿದೆ ನೋಡು,” ಎಂದಳು. ಕೈಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಮಡಿಕೆ ಬಿದ್ದಲ್ಲಿ ಚುಕ್ಕಿಗಳು ಮಾಸಿದ್ದವು. “ಈ ವರ್ಷ ಎಷ್ಟಣ್ಣ ನಿನ್ನ ಅಂಕಿ?”

“ತೊಂಬತ್ತೇಳು,” ಎಂದ.

“ಇನ್ನೊಂದ್ಸಲ ಹೇಳು, ಇವಳೂ ಕೇಳ್ಲಿ.”

ಅವಳು ಖುಷಿಗೇ ಕೇಳಿದ್ದು. ಅವಳ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೊಮ್ಮೆ ಆಡಿದ್ದರೆ ಮುಗಿಯುತ್ತಿತ್ತು. ಅವನು ಬಾಯಿ ತೆರೆದ, ಬಂದದ್ದು “ಎಪ್ಪತ್ತಾರು” ಎಂಬ ಮಾತು. ಆಮೇಲೆ ತಡೆಯಲಾಗಲಿಲ್ಲ. ತೆಳು ಕಾಗದ, ಕಿಟಕಿ, ಮೇಷ್ಟ್ರು, ಎಳೆಸಿದ ಮೇಜುಗಳು, ರುಬ್ಬಿಹೋದ ಅವಳ ಪತ್ರಿಕೆ, ಎಲ್ಲವನ್ನೂ ಗಾಜಿನ ಮೇಜಿನ ಅಂಚು ಹಿಡಿದುಕೊಂಡು, ಗಿರಾಕಿಯಂತೆಯೇ ನಿಂತು, ಸಣ್ಣ ದನಿಯಲ್ಲಿ ಹೇಳಿಬಿಟ್ಟ. ಹುಡುಗಿ ಫೋನು ಪಕ್ಕಕ್ಕಿಟ್ಟು ಇಬ್ಬರನ್ನೂ ನೋಡಿದಳು, ಅರ್ಥವಾಗದೆ ಮತ್ತೆ ಫೋನಿಗೆ ತಿರುಗಿದಳು.

“ಹಾಗಾದ್ರೆ ಅವತ್ತಿನ ನಲವತ್ತೊಂಬತ್ತು?” ಎಂದು ತಂಗಿ ಕೇಳಿದಳು.

“ಗೊತ್ತಿಲ್ಲ.”

“ಇವತ್ತಿನ ಐವತ್ತು?”

“ಗೊತ್ತಿಲ್ಲ ಪುಟ್ಟಿ. ಇನ್ನೊಬ್ಬರು ತಿದ್ದಿದ್ರೆ ಏನಾಗ್ತಿತ್ತೋ ಗೊತ್ತಿಲ್ಲ.”

ಅವಳು ಚುಕ್ಕಿಗಳ ಕಾಗದವನ್ನು ನೋಡಿದಳು. “ಅವತ್ತು ಗೊತ್ತಿದ್ದೋನ ಹಾಗೆ ಹೇಳಿದ್ಯಲ್ಲೋ ಅಣ್ಣ,” ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಅದನ್ನು ಹಿಡಿದುಕೊಂಡು ನಿಲ್ಲಬಹುದಿತ್ತು.

“ಸಹಿ ಹಾಕಿ ಕೊಟ್ಟಾಗಿದೆ,” ಎಂದು ಅವನು ಅವಸರಿಸಿದ. “ತೊಂಬತ್ತೇಳು ಅಂತಲೇ ಬರೆದಿದೀನಿ. ನಿಂಗೋಸ್ಕರ. ನಿನ್ನ ಪಾಸು ಎಲ್ಲೂ ಹೋಗಲ್ಲ. ಯಾರಿಗೂ ಗೊತ್ತಾಗಲ್ಲ.”

“ನಂಗೆ ಗೊತ್ತಾಯ್ತಲ್ಲ.”

ಆಗ ಅವನಿಗೆ ತಾನು ಮಾಡಿದ್ದೇನೆಂದು ಕಂಡಿತು. ಅವಳಿಗಾಗಿ ಸುಳ್ಳು ಬರೆದೆ ಎಂದುಕೊಂಡವನು ಆ ಸುಳ್ಳನ್ನು ಒಂದು ಸಂಜೆಯಾದರೂ ಒಬ್ಬನೇ ಹೊರಲಾರದೆ, ಓಡಿಬಂದು ಅವಳ ತಲೆಯ ಮೇಲೆ ಇಳಿಸಿ ಹಗುರಾಗಿದ್ದ. ಹಗುರಾಗಿದ್ದದ್ದು ನಿಜ, ಅದೇ ಅಸಹ್ಯ. ಅವಳ ಸೋಲನ್ನೂ ಅವನೇ ಕೊಟ್ಟಿದ್ದ, ಗೆಲುವನ್ನೂ ಅವನೇ ಕಿತ್ತುಕೊಂಡ, ಎರಡೂ ಸಲ ಅಣ್ಣನ ಅಕ್ಕರೆಯಿಂದಲೇ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಮುದುಕಿ ಅವನನ್ನು ಸರಿಸಿ ಮುಂದೆ ಬಂದು ಚೀಟಿ ಚಾಚಿದಳು.

ತಂಗಿ ಚೀಟಿ ತೆಗೆದುಕೊಂಡಳು. ಓದಿದಳು. ತಿರುಗದೆಯೇ ಕೈ ಹಿಂದೆ ಚಾಚಿ ಮೂರನೆಯ ಖಾನೆಯಿಂದ ಪೊಟ್ಟಣ ತೆಗೆದಳು, ದಿನಾಂಕ ನೋಡಿದಳು, ಚೀಟಿಯನ್ನು ಮತ್ತೊಮ್ಮೆ ಓದಿದಳು. ಮುದುಕಿಯ ಅಂಗೈ ಕಾಯುತ್ತಿತ್ತು. ತಂಗಿಯ ಕೈ ಗಾಜಿನ ಮೇಲೆ ಅರ್ಧ ದಾರಿ ಹೋಗಿ ನಿಂತಿತು. ಆಮೇಲೆ ಅವಳು ಪಕ್ಕಕ್ಕೆ ತಿರುಗಿ ಪೊಟ್ಟಣವನ್ನು ಹುಡುಗಿಯ ಮುಂದೆ ಇಟ್ಟಳು.

“ನೀನೇ ಕೊಡು,” ಎಂದಳು.

“ಯಾಕಕ್ಕಾ? ಇವತ್ತಿಂದ ನೀವೇ ಅಲ್ವಾ?”

“ಕೊಡಮ್ಮ. ಸರಿಯಾಗಿದ್ಯಾ ಅಂತ ಒಂದ್ಸಲ ನೋಡಿ ಕೊಡು.”

ಹುಡುಗಿ ಫೋನಿನಿಂದ ಕಣ್ಣೆತ್ತದೆ, ಚೀಟಿಯತ್ತ ನೋಡದೆ, ಪೊಟ್ಟಣವನ್ನು ಮುದುಕಿಯ ಕೈಗೆ ಹಾಕಿದಳು.